ಕೆಡುವ ಮುನ್ನ ಕಾಯುವ ಕೆಲಸ

ಶಿವರಾತ್ರಿ ಬಂದರೆ ಚಳಿ ‘ಶಿವ ಶಿವ’ ಎನ್ನುತ್ತಾ ಓಡಿಹೋಗುತ್ತದೆ ಎನ್ನುವುದು ಹಿರಿಯರ ಮಾತು. ಅದಾಗಿ ಮೂರ್ನಾಲ್ಕು ವಾರಕ್ಕೆ ಎಸಿ ರಿಪೇರಿ ಮಾಡುವವರ ಫೋನಿಗೆ ಪುರುಸೊತ್ತೇ ಇರುವುದಿಲ್ಲ. ಬಟ್ಟೆ ಅಂಗಡಿಯ ಮಾಲೀಕರು, ಲಾಡ್ಜ್ ಮ್ಯಾನೇಜರ್, ರಕ್ತ ಪರೀಕ್ಷೆಯ ಲ್ಯಾಬಿನವರು, ಬೇಕರಿಯವರು ಎಲ್ಲರದ್ದೂ ಒಂದೇ ಮಾತು: ‘ತಂಪೇ ಆಗ್ತಿಲ್ಲ, ಇವತ್ತೇ ಬನ್ನಿ’. ಇಡೀ ಚಳಿಗಾಲ ಯಂತ್ರದ ಕಡೆ ತಿರುಗಿಯೂ ನೋಡದವರೆಲ್ಲ ಒಂದೇ ವಾರದಲ್ಲಿ ಕರೆದರೆ ಯಾರು ಬರುತ್ತಾರೆ? ಬಂದವರೂ ಅವಸರಕ್ಕೆ ಏನೋ ಒಂದು ಮಾಡಿ, ಮುಂದಿನ ಅಂಗಡಿಗೆ ಓಡುತ್ತಾರೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ಅಂದರೆ ಇದೇ.

ಐಟಿಐ ಮುಗಿಸಿ ಇದೇ ಕೆಲಸಕ್ಕೆ ಇಳಿದಿರುವ ನನಗೆ ಈ ಓಟದಲ್ಲಿ ಎರಡು ನಷ್ಟ ಕಾಣುತ್ತವೆ. ಒಂದು ಮಾಲೀಕರದ್ದು: ಹೆಚ್ಚಿನ ಕರೆಂಟ್ ಬಿಲ್ಲು, ಕೆಟ್ಟುಹೋದ ಸರಕು, ಸುಟ್ಟುಹೋದ ಕಂಪ್ರೆಸರ್. ಇನ್ನೊಂದು ನಮ್ಮಂಥ ಹುಡುಗರದ್ದು: ಬೇಸಿಗೆಯ ಮೂರು ತಿಂಗಳು ಉಸಿರಾಡಲು ಬಿಡುವಿಲ್ಲದಷ್ಟು ಕೆಲಸ, ಮಳೆ ಶುರುವಾದರೆ ಕೈ ಖಾಲಿ. ಎರಡಕ್ಕೂ ಮದ್ದು ಒಂದೇ. ಯಂತ್ರ ಕೆಟ್ಟ ಮೇಲೆ ರಿಪೇರಿ ಮಾಡುವುದರ ಬದಲು, ಕೆಡದಂತೆ ಕಾಲಕಾಲಕ್ಕೆ ಆರೈಕೆ ಮಾಡುವುದು.

ಹುಟ್ಟಿದ್ದೇ ವ್ಯಾಪಾರಕ್ಕಾಗಿ

ಎಸಿ ಎಂದರೆ ಶ್ರೀಮಂತರ ಸುಖಸಾಧನ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಅದು ಹುಟ್ಟಿದ ಕಥೆಯೇ ಬೇರೆ. 1902ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿದ್ದ ಒಂದು ಮುದ್ರಣಾಲಯಕ್ಕೆ ತೇವಾಂಶ ದೊಡ್ಡ ತಲೆನೋವಾಗಿತ್ತು. ಬಣ್ಣದ ಮುದ್ರಣದಲ್ಲಿ ಒಂದೇ ಹಾಳೆ ಹಲವು ಸಲ ಯಂತ್ರಕ್ಕೆ ಹೋಗಬೇಕು. ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಅದಕ್ಕೆ ಪರಿಹಾರವಾಗಿ ಯುವ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ ರೂಪಿಸಿದ ವ್ಯವಸ್ಥೆಯನ್ನೇ ಇಂದಿನ ಎಸಿಗಳ ಮೂಲ ಎನ್ನುತ್ತಾರೆ. ಅಂದರೆ ಎಸಿ ಮೊದಲು ಕಾಪಾಡಿದ್ದು ಮನುಷ್ಯರನ್ನಲ್ಲ, ಸರಕನ್ನು.

ಇಂದಿಗೂ ವ್ಯಾಪಾರಕ್ಕೆ ತಂಪು ಬೇಕಾಗಿರುವುದು ಬಹುಪಾಲು ಇದೇ ಕಾರಣಕ್ಕೆ. ಕರೆದಾಗ ಹಾಲಿನ ಬಿಸಿ ಹಸುವಿನ ಮೈಬಿಸಿಯಷ್ಟೇ ಇರುತ್ತದೆ. ಅದನ್ನು ಬೇಗನೆ 4 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇಳಿಸದಿದ್ದರೆ ಬ್ಯಾಕ್ಟೀರಿಯಾ ಬೆಳೆದು ಹಾಲು ಕೆಡುತ್ತದೆ. ಹಳ್ಳಿಯ ಡೇರಿಗಳಲ್ಲಿ ಬಲ್ಕ್ ಮಿಲ್ಕ್ ಕೂಲರ್ ಇಟ್ಟಿರುವುದು ಅದಕ್ಕೇ. ಹೆಚ್ಚಿನ ಲಸಿಕೆಗಳನ್ನೂ ಇನ್ನೂ ತೆರೆಯದ ಇನ್ಸುಲಿನ್ ಬಾಟಲಿಯನ್ನೂ 2ರಿಂದ 8 ಡಿಗ್ರಿಯೊಳಗೆ ಇಡಬೇಕು. ತಂಪು ಕಡಿಮೆಯಾದರಷ್ಟೇ ಅಲ್ಲ, ಥರ್ಮೋಸ್ಟ್ಯಾಟ್ ಕೈಕೊಟ್ಟು ಹೆಪ್ಪುಗಟ್ಟಿದರೂ ಇನ್ಸುಲಿನ್ ಎಸೆಯಬೇಕಾಗುತ್ತದೆ. ಹಾವೇರಿ ಜಿಲ್ಲೆಯ ಬ್ಯಾಡಗಿಗೆ ಹೋದರೆ ಮೆಣಸಿನಕಾಯಿ ಮಾರುಕಟ್ಟೆಯ ಸುತ್ತಲೂ ಕೋಲ್ಡ್ ಸ್ಟೋರೇಜ್‌ಗಳು ಕಾಣುತ್ತವೆ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಅದರ ಕಡುಗೆಂಪು ಬಣ್ಣದಿಂದ. ಬಿಸಿ, ಬೆಳಕು ತಾಗಿದರೆ ಬಣ್ಣ ಮಾಸುತ್ತದೆ. ಒಳ್ಳೆಯ ಧಾರಣೆಗೆ ಕಾಯುವ ರೈತ ಚೀಲಗಳನ್ನು ಅಲ್ಲಿ ಇಟ್ಟಿರುತ್ತಾನೆ. ಅಲ್ಲಿನ ಕಂಪ್ರೆಸರ್ ನಿಂತರೆ ನಷ್ಟ ಯಂತ್ರದ ಮಾಲೀಕನಿಗೆ ಮಾತ್ರ ಅಲ್ಲ.

ಧೂಳಿಗೂ ಬಿಲ್ಲಿಗೂ ನಂಟು

ಎಸಿ ಕೋಣೆಯೊಳಗೆ ತಂಪನ್ನು ‘ಉತ್ಪಾದಿಸುವುದಿಲ್ಲ’. ಒಳಗಿನ ಬಿಸಿಯನ್ನು ಹೊತ್ತುಕೊಂಡು ಹೋಗಿ ಹೊರಗೆ ಚೆಲ್ಲುತ್ತದೆ, ಅಷ್ಟೇ. ಒಳಗಿನ ಕಾಯಿಲ್ ಬಿಸಿ ಹೀರುತ್ತದೆ, ಹೊರಗಿನ ಕಾಯಿಲ್ ಬಿಸಿ ಬಿಡುತ್ತದೆ, ನಡುವೆ ಓಡಾಡುವುದು ನಾವು ‘ಗ್ಯಾಸ್’ ಎನ್ನುವ ರೆಫ್ರಿಜರೆಂಟ್. ಅದನ್ನು ಒತ್ತಿ ಓಡಿಸುವುದು ಕಂಪ್ರೆಸರ್. ಇಷ್ಟು ಗೊತ್ತಾದರೆ ಆರೈಕೆಯ ಮಹತ್ವ ತಾನಾಗಿ ತಿಳಿಯುತ್ತದೆ.

ಒಳಗಿನ ಫಿಲ್ಟರ್‌ಗೆ ಧೂಳು ಕಟ್ಟಿದರೆ ಕಾಯಿಲ್ ಮೇಲೆ ಸಾಕಷ್ಟು ಗಾಳಿ ಹಾಯುವುದಿಲ್ಲ. ಕೋಣೆ ಬೇಗ ತಂಪಾಗದೆ ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ. ಗಾಳಿ ತೀರಾ ಕಡಿಮೆಯಾದರೆ ಕಾಯಿಲ್ ಮೇಲೆ ಮಂಜುಗಡ್ಡೆಯೇ ಕಟ್ಟುತ್ತದೆ. ಆಗ ಅನಿಲವಾಗಿ ವಾಪಸ್ ಬರಬೇಕಾದ ರೆಫ್ರಿಜರೆಂಟ್ ದ್ರವವಾಗಿಯೇ ಬಂದು ಕಂಪ್ರೆಸರ್‌ಗೆ ಏಟು ಕೊಡಬಹುದು. ಹೊರಗಿನ ಕಾಯಿಲ್‌ಗೆ ಧೂಳು, ಪಾರಿವಾಳದ ಪುಕ್ಕ, ಜೇಡರ ಬಲೆ ಮೆತ್ತಿಕೊಂಡರೆ ಬಿಸಿ ಹೊರಗೆ ಹೋಗದೆ ಒತ್ತಡ ಏರುತ್ತದೆ. ಏರಿದ ಒತ್ತಡಕ್ಕೆ ಹೆಚ್ಚು ವಿದ್ಯುತ್ ಬೇಕು. ಕೊಳೆಯಾದ ಫಿಲ್ಟರ್ ಬದಲಾಯಿಸಿದರೆ ಎಸಿಯ ವಿದ್ಯುತ್ ಬಳಕೆ ಶೇ 5ರಿಂದ 15ರಷ್ಟು ಇಳಿಯಬಹುದು ಎಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ವರ್ಷವಿಡೀ ಎಸಿ ಓಡಿಸುವ ಒಂದು ಬಟ್ಟೆ ಅಂಗಡಿಯಲ್ಲಿ ಒಂದೂವರೆ ಟನ್ನಿನ ಹತ್ತು ಎಸಿ ಇವೆ ಎಂದುಕೊಳ್ಳಿ. ಒಂದೊಂದೂ ಗಂಟೆಗೆ ಸರಾಸರಿ ಒಂದು ಯೂನಿಟ್ ಎಳೆಯುತ್ತದೆ, ದಿನಕ್ಕೆ ಹತ್ತು ಗಂಟೆ, ತಿಂಗಳಿಗೆ 26 ದಿನ. ಒಟ್ಟು 2,600 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೆ ತಿಂಗಳಿಗೆ 20,800 ರೂಪಾಯಿ. ಧೂಳಿನಿಂದಾಗಿ ಶೇ 10ರಷ್ಟು ಹೆಚ್ಚು ಖರ್ಚಾದರೂ ತಿಂಗಳಿಗೆ 2,080, ವರ್ಷಕ್ಕೆ ಸುಮಾರು 25,000 ರೂಪಾಯಿ ಗಾಳಿಗೆ ಹೋಯಿತು. ಒಂದು ಎಸಿ ತೊಳೆದು ಪರೀಕ್ಷಿಸಲು 600 ರೂಪಾಯಿ ಎಂದಿಟ್ಟುಕೊಂಡು, ವರ್ಷಕ್ಕೆರಡು ಸಲ ಹತ್ತಕ್ಕೂ ಮಾಡಿಸಿದರೆ 12,000. ಅರ್ಧಕ್ಕರ್ಧ ಉಳಿತಾಯ. ಸುಟ್ಟ ಕಂಪ್ರೆಸರ್‌ನ ಬೆಲೆಯನ್ನಾಗಲಿ, ಸೆಕೆ ತಾಳಲಾರದೆ ಪಕ್ಕದ ಅಂಗಡಿಗೆ ಹೋದ ಗಿರಾಕಿಯನ್ನಾಗಲಿ ಈ ಲೆಕ್ಕಕ್ಕೆ ಸೇರಿಸಿಯೇ ಇಲ್ಲ.

ತಾಪಮಾನದ ಸೆಟ್ಟಿಂಗ್ ಕೂಡ ಇದರೊಂದಿಗೇ ಬರುತ್ತದೆ. ಒಂದು ಡಿಗ್ರಿ ಹೆಚ್ಚಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎನ್ನುವುದು ಕೇಂದ್ರದ ಇಂಧನ ದಕ್ಷತಾ ಬ್ಯೂರೊ (ಬಿಇಇ) ಹೇಳುವ ಲೆಕ್ಕ. 2020ರ ಜನವರಿಯಿಂದ ಸ್ಟಾರ್ ರೇಟಿಂಗ್ ಇರುವ ರೂಮ್ ಎಸಿಗಳು ಆರಂಭದಲ್ಲೇ 24 ಡಿಗ್ರಿಗೆ ಸೆಟ್ ಆಗಿ ಬರುವುದು ಇದೇ ಕಾರಣಕ್ಕೆ. ಆದರೆ ಕೊಳೆಯಾದ ಎಸಿ 24ರಲ್ಲಿ ತಂಪು ಕೊಡುವುದಿಲ್ಲ. ಅಂಗಡಿಯವರು ರಿಮೋಟ್ ಹಿಡಿದು 18ಕ್ಕೆ ಇಳಿಸುತ್ತಾರೆ. ತೊಳೆಯಬೇಕಾದಲ್ಲಿ ಬಟನ್ ಒತ್ತುತ್ತಾರೆ.

‘ಗ್ಯಾಸ್ ಖಾಲಿಯಾಗಿದೆ’ ಎನ್ನುವ ಮಾತು

ನಮ್ಮ ವೃತ್ತಿಯಲ್ಲಿ ಅತಿ ಹೆಚ್ಚು ಕೇಳಿಬರುವ ಮಾತಿದು. ಗಿರಾಕಿಗಳು ಇದನ್ನು ಸ್ಕೂಟರಿಗೆ ಪೆಟ್ರೋಲ್ ಹಾಕಿಸಿದಂತೆ ಎಂದುಕೊಂಡು ಪ್ರತಿ ಬೇಸಿಗೆಯಲ್ಲೂ ಹಣ ಕೊಡುತ್ತಾರೆ. ನಿಜ ಏನೆಂದರೆ ಎಸಿಯ ಗ್ಯಾಸ್ ಉರಿದು ಖರ್ಚಾಗುವ ವಸ್ತುವಲ್ಲ. ಅದು ಮುಚ್ಚಿದ ಪೈಪಿನೊಳಗೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬುವುದು ತೂತು ಕೊಡಕ್ಕೆ ನೀರು ತುಂಬಿದಂತೆ.

ಸರಿಯಾದ ಕ್ರಮ ಹೀಗೆ: ನೈಟ್ರೋಜನ್ ತುಂಬಿ ಒತ್ತಡ ಪರೀಕ್ಷೆ ಮಾಡಬೇಕು, ಸೋಪಿನ ನೊರೆ ಅಥವಾ ಲೀಕ್ ಡಿಟೆಕ್ಟರ್‌ನಿಂದ ಸೋರಿಕೆ ಹುಡುಕಿ ಮುಚ್ಚಬೇಕು, ವ್ಯಾಕ್ಯೂಮ್ ಪಂಪ್‌ನಿಂದ ಒಳಗಿನ ಗಾಳಿ, ತೇವಾಂಶ ಎರಡನ್ನೂ ತೆಗೆಯಬೇಕು, ಆಮೇಲೆ ಕಂಪನಿ ಹೇಳಿದಷ್ಟೇ ಗ್ಯಾಸನ್ನು ತೂಕ ಮಾಡಿ ಹಾಕಬೇಕು. ವ್ಯಾಕ್ಯೂಮ್ ಬಿಟ್ಟರೆ ಒಳಗುಳಿದ ತೇವಾಂಶ ಎಣ್ಣೆಯೊಂದಿಗೆ ಸೇರಿ ಆಮ್ಲವಾಗಿ ಕಂಪ್ರೆಸರನ್ನು ಒಳಗೊಳಗೇ ತಿನ್ನುತ್ತದೆ. ನೈಟ್ರೋಜನ್ ಸಿಗಲಿಲ್ಲವೆಂದು ಆಕ್ಸಿಜನ್ ಸಿಲಿಂಡರ್‌ನಿಂದ ಒತ್ತಡ ಪರೀಕ್ಷೆ ಮಾಡುವ ಸಾಹಸವನ್ನಂತೂ ಯಾರೂ ಮಾಡಬಾರದು. ಒತ್ತಡದ ಆಕ್ಸಿಜನ್ ಕಂಪ್ರೆಸರ್ ಎಣ್ಣೆಗೆ ಸೇರಿದರೆ ಸ್ಫೋಟವಾಗುತ್ತದೆ.

ಇದು ಪರಿಸರದ ಪ್ರಶ್ನೆಯೂ ಹೌದು. ಹಳೆಯ ಎಸಿಗಳಲ್ಲಿರುವ ಆರ್-22 ಓಝೋನ್ ಪದರಕ್ಕೆ ಹಾನಿಕರ. ಅದರ ಒಂದು ಕಿಲೋ ಗಾಳಿಗೆ ಸೇರಿದರೆ ಭೂಮಿಗೆ ಬೀಳುವ ಬಿಸಿ ಸುಮಾರು 1,800 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ಈಗಿನ ಎಸಿಗಳಲ್ಲಿ ಬಳಕೆಯಲ್ಲಿರುವ ಆರ್-32ರಲ್ಲಿ ಆ ಪ್ರಮಾಣ 675ಕ್ಕೆ ಇಳಿದಿದೆ. ಆದರೆ ಅದು ಸ್ವಲ್ಪಮಟ್ಟಿಗೆ ಹೊತ್ತಿಕೊಳ್ಳುವ ಗುಣದ್ದು. ಆರ್-290 ಎಂದರೆ ಪ್ರೊಪೇನ್, ಅದು ಸುಲಭವಾಗಿ ಹೊತ್ತಿಕೊಳ್ಳುತ್ತದೆ. ‘ಯಾವ ಗ್ಯಾಸಾದರೂ ನಡೆಯುತ್ತದೆ’ ಎನ್ನುವ ಕಾಲ ಮುಗಿದಿದೆ. 

ಕಡೆಗಣಿಸಿದರೆ ಜೀವಕ್ಕೂ ಕುತ್ತು

1976ರ ಜುಲೈನಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಬೆಲ್‌ವ್ಯೂ ಸ್ಟ್ರಾಟ್‌ಫರ್ಡ್ ಎಂಬ ಹೆಸರಾಂತ ಹೋಟೆಲಿನಲ್ಲಿ ಮಾಜಿ ಸೈನಿಕರ ಸಮಾವೇಶ ನಡೆಯಿತು. ಅದರ ಬೆನ್ನಿಗೇ 200ಕ್ಕೂ ಹೆಚ್ಚು ಜನ ನ್ಯುಮೋನಿಯಾದಂಥ ಕಾಯಿಲೆಗೆ ಬಿದ್ದರು, 30ಕ್ಕೂ ಹೆಚ್ಚು ಮಂದಿ ಸತ್ತರು. ತಿಂಗಳುಗಳ ನಂತರ ವಿಜ್ಞಾನಿಗಳು ಪತ್ತೆ ಹಚ್ಚಿದ ಬ್ಯಾಕ್ಟೀರಿಯಾಕ್ಕೆ ‘ಲೀಜನೆಲ್ಲಾ’ ಎಂದು ಹೆಸರಾಯಿತು. ಬೆಚ್ಚಗಿನ ನೀರು, ಪಾಚಿ, ಕೆಸರು ಇರುವಲ್ಲಿ ಬೆಳೆಯುವ ಇದು ಹೋಟೆಲಿನ ಹವಾನಿಯಂತ್ರಣ ವ್ಯವಸ್ಥೆಯ ಮೂಲಕ ಹರಡಿತು ಎಂದು ನಂಬಲಾಗಿದೆ. ಅತಿಥಿಗಳು ಆ ಕಡೆ ಸುಳಿಯುವುದನ್ನೇ ಬಿಟ್ಟರು, ಅದೇ ನವೆಂಬರ್‌ನಲ್ಲಿ ಹೋಟೆಲ್ ಬಾಗಿಲು ಹಾಕಿತು. ಇವತ್ತು ದೊಡ್ಡ ಕಟ್ಟಡಗಳ ಕೂಲಿಂಗ್ ಟವರ್ ನೀರನ್ನು ಆಗಾಗ ಪರೀಕ್ಷಿಸಿ, ತೊಳೆದು, ಔಷಧ ಹಾಕಬೇಕು ಎನ್ನುವುದರ ಹಿಂದೆ ಈ ಪಾಠವಿದೆ.

ನಮ್ಮ ಪಕ್ಕದ ರಾಜ್ಯದ ಘಟನೆ ಇನ್ನೂ ಹಸಿಯಾಗಿದೆ. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಆವಿ ಸೋರಿ 12 ಮಂದಿ ಪ್ರಾಣ ಕಳೆದುಕೊಂಡರು. ಸ್ಟೈರೀನ್ ತಣ್ಣಗಿರಬೇಕಾದ ದ್ರವ. ಬಿಸಿಯಾದರೆ ತಾನೇ ತಾನಾಗಿ ರಾಸಾಯನಿಕ ಕ್ರಿಯೆ ಶುರುವಾಗಿ ಇನ್ನಷ್ಟು ಬಿಸಿಯಾಗುತ್ತಾ ಹೋಗುತ್ತದೆ. ಲಾಕ್‌ಡೌನ್‌ನಲ್ಲಿ ಕಾರ್ಖಾನೆ ನಿಂತಿತ್ತು, ಟ್ಯಾಂಕ್ ತುಂಬಿತ್ತು. ಟ್ಯಾಂಕ್ ತಂಪಾಗಿಸುವ ಯಂತ್ರವನ್ನು ದಿನದ 24 ಗಂಟೆಯೂ ಓಡಿಸುತ್ತಿರಲಿಲ್ಲ, ಮೇಲ್ಭಾಗದ ಉಷ್ಣಾಂಶ ಅಳೆಯುವ ವ್ಯವಸ್ಥೆ ಇರಲಿಲ್ಲ ಎಂದು ಆಂಧ್ರ ಸರ್ಕಾರ ನೇಮಿಸಿದ ಸಮಿತಿ ಹೇಳಿತು. ಕೆಲಸ ನಿಂತರೂ ತಂಪು ನಿಲ್ಲಬಾರದ ಜಾಗಗಳಿವೆ. ಮಲ್ಪೆ, ಮಂಗಳೂರಿನಂಥ ಮೀನುಗಾರಿಕೆ ಊರುಗಳ ಐಸ್ ಪ್ಲಾಂಟ್‌ಗಳೂ, ಎಲ್ಲೆಡೆಯ ದೊಡ್ಡ ಕೋಲ್ಡ್ ಸ್ಟೋರೇಜ್‌ಗಳೂ ಸಾಮಾನ್ಯವಾಗಿ ಓಡುವುದು ಅಮೋನಿಯಾದಿಂದ. ತಂಪು ಕೊಡುವುದರಲ್ಲಿ ಅದು ಬಲು ಸಮರ್ಥ, ಸೋರಿದರೆ ಕಣ್ಣು, ಶ್ವಾಸಕೋಶ ಸುಡುವಷ್ಟು ಕ್ರೂರ. ಅಲ್ಲಿ ಸವೆದ ವಾಲ್ವ್ ಒಂದನ್ನು ಸಮಯಕ್ಕೆ ಬದಲಾಯಿಸುವುದು ಖರ್ಚಿನ ಮಾತಲ್ಲ, ಕೂಲಿಯಾಳುಗಳ ಜೀವದ ಮಾತು.

ಊರಿಗೆ ತಕ್ಕ ಆರೈಕೆ

ಒಂದೇ ಪಟ್ಟಿ ಎಲ್ಲ ಊರಿಗೂ ಹೊಂದುವುದಿಲ್ಲ. ಕಾರವಾರ, ಉಡುಪಿ, ಮಂಗಳೂರಿನಲ್ಲಿ ಉಪ್ಪುಗಾಳಿ ಹೊರಗಿನ ಯೂನಿಟ್ಟಿನ ಕಾಯಿಲ್ ತಿನ್ನುತ್ತದೆ. ಅಲ್ಲಿ ಸಿಹಿನೀರಿನಿಂದ ಆಗಾಗ ತೊಳೆಯಬೇಕು. ಕಲಬುರಗಿ, ರಾಯಚೂರಿನಲ್ಲಿ ಬೇಸಿಗೆಯ ತಾಪ 40 ಡಿಗ್ರಿ ದಾಟುತ್ತದೆ. ಅಲ್ಲಿ ಹೊರಗಿನ ಯೂನಿಟ್‌ಗೆ ನೆರಳೂ ಗಾಳಿ ಓಡಾಡುವಷ್ಟು ಜಾಗವೂ ಮುಖ್ಯ, ಫೆಬ್ರುವರಿ ಮುಗಿಯುವುದರೊಳಗೆ ಸರ್ವಿಸ್ ಮುಗಿದಿರಬೇಕು. ಬೆಂಗಳೂರಿನಲ್ಲಿ ರಸ್ತೆ, ಕಟ್ಟಡ ಕಾಮಗಾರಿಗಳ ಧೂಳು. ಮಳೆಗಾಲದಲ್ಲಿ ಎಲ್ಲೆಡೆ ಡ್ರೈನ್ ಪೈಪಿನ ತೊಂದರೆ: ಲೋಳೆ ಕಟ್ಟಿ ನೀರು ಹೊರಗೆ ಹೋಗದೆ ಫಾಲ್ಸ್ ಸೀಲಿಂಗ್, ಕಂಪ್ಯೂಟರ್, ಲೆಕ್ಕದ ಪುಸ್ತಕದ ಮೇಲೆ ತೊಟ್ಟಿಕ್ಕುತ್ತದೆ. ಸಡಿಲವಾದ ವೈರಿನ ತುದಿ ಬಿಸಿಯಾಗಿ ಕಿಡಿ ಹತ್ತುವುದಂತೂ ಊರು, ಕಾಲ ನೋಡಿ ಬರುವುದಿಲ್ಲ.

ಬಿಸಿ ಮಾಡುವ ಯಂತ್ರಗಳದ್ದೂ ಇದೇ ಕಥೆ. ಕೊಡಗು, ಚಿಕ್ಕಮಗಳೂರಿನ ಹೋಮ್‌ಸ್ಟೇಗಳಿಗೆ ಡಿಸೆಂಬರ್‌ನಲ್ಲಿ ಬಿಸಿನೀರು ಬರಲಿಲ್ಲವೆಂದರೆ ಅತಿಥಿಗಳ ಮುಖ ಹೇಗಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಬೋರ್‌ವೆಲ್ಲಿನ ಗಡಸು ನೀರಿರುವಲ್ಲಿ ಗೀಸರ್ ಕಾಯಿಲ್ ಮೇಲೆ, ಸೋಲಾರ್ ಪೈಪಿನೊಳಗೆ ಸುಣ್ಣದ ಪದರ ಕಟ್ಟುತ್ತದೆ. ಪದರ ದಪ್ಪವಾದಷ್ಟೂ ಬಿಸಿ ನೀರಿಗೆ ತಲುಪುವುದಿಲ್ಲ, ಕಾಯಿಲ್ ಸುಡುತ್ತದೆ. ದೊಡ್ಡ ಬಾಯ್ಲರ್‌ಗಳಿಗಾದರೆ ವರ್ಷಕ್ಕೊಮ್ಮೆ ಸರ್ಕಾರದ ನಿಯಮದಂತೆ ತಪಾಸಣೆ, ಪ್ರಮಾಣಪತ್ರ ಕಡ್ಡಾಯ. ಅಂಗಡಿಯ ಎಸಿಗೆ ಅಂಥ ಕಡ್ಡಾಯ ಇಲ್ಲ. ಹಾಗಾಗಿ ಅಲ್ಲಿ ಕಾನೂನಿನ ಕೆಲಸವನ್ನೂ ಮಾಲೀಕರ ಶಿಸ್ತೇ ಮಾಡಬೇಕು.

ಆ ಶಿಸ್ತಿಗೆ ಇರುವ ದಾರಿ ವಾರ್ಷಿಕ ನಿರ್ವಹಣಾ ಒಪ್ಪಂದ. ಎಲ್ಲರೂ ‘ಎಎಂಸಿ’ ಎನ್ನುವುದು ಇದನ್ನೇ. ಇದರಲ್ಲಿ ಎರಡು ಬಗೆ. ಬಿಡಿಭಾಗಗಳೂ ಸೇರಿದ ‘ಕಾಂಪ್ರಹೆನ್ಸಿವ್’ ಒಂದು, ಕೂಲಿ ಮಾತ್ರ ಸೇರಿದ್ದು ಇನ್ನೊಂದು. ಸಹಿ ಹಾಕುವ ಮುನ್ನ ವರ್ಷಕ್ಕೆ ಎಷ್ಟು ಸರ್ವಿಸ್, ಕರೆದ ಎಷ್ಟು ಗಂಟೆಯೊಳಗೆ ಬರಬೇಕು, ಕಂಪ್ರೆಸರ್ ಮತ್ತು ಗ್ಯಾಸ್ ಒಪ್ಪಂದದೊಳಗಿವೆಯೇ ಎಂದು ಓದಿಕೊಳ್ಳಬೇಕು. ಜೊತೆಗೆ ಪ್ರತಿ ಯಂತ್ರಕ್ಕೂ ಒಂದು ಪುಸ್ತಕ: ಯಾವ ದಿನ ಏನು ಮಾಡಿದರು, ಕರೆಂಟ್ ಎಷ್ಟು ಆಂಪಿಯರ್ ಎಳೆಯುತ್ತಿತ್ತು, ಒತ್ತಡ ಎಷ್ಟಿತ್ತು, ಒಳಬರುವ ಮತ್ತು ಹೊರಹೋಗುವ ಗಾಳಿಯ ಉಷ್ಣಾಂಶ ಎಷ್ಟು. ಕಳೆದ ಸಲಕ್ಕಿಂತ ಆಂಪಿಯರ್ ಏರಿದ್ದರೆ ಯಂತ್ರ ಕೆಡುವ ಮುಂಚೆಯೇ ಸೂಚನೆ ಕೊಟ್ಟಿದೆ ಎಂದರ್ಥ.

ಓದುವವರಿಗೆ, ಕೆಲಸ ಹುಡುಕುವವರಿಗೆ

2019ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ‘ಇಂಡಿಯಾ ಕೂಲಿಂಗ್ ಆ್ಯಕ್ಷನ್ ಪ್ಲಾನ್’ ಪ್ರಕಟಿಸಿತು. 2017-18ಕ್ಕೆ ಹೋಲಿಸಿದರೆ 2037-38ರ ಹೊತ್ತಿಗೆ ದೇಶದ ತಂಪಿನ ಬೇಡಿಕೆ ಸುಮಾರು ಎಂಟು ಪಟ್ಟು ಆಗಲಿದೆ ಎನ್ನುವುದು ಅದರ ಅಂದಾಜು. ಒಂದು ಲಕ್ಷ ಸರ್ವಿಸ್ ಟೆಕ್ನಿಷಿಯನ್‌ಗಳಿಗೆ ತರಬೇತಿ ಮತ್ತು ಪ್ರಮಾಣಪತ್ರ ಕೊಡುವ ಗುರಿಯನ್ನೂ ಅದರಲ್ಲಿ ಇಟ್ಟುಕೊಂಡಿತ್ತು. ಯಂತ್ರಗಳು ಬಂದಷ್ಟು ವೇಗದಲ್ಲಿ ಅವನ್ನು ಅರಿತ ಕೈಗಳು ಬರುತ್ತಿಲ್ಲ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಎಸ್ಸೆಸ್ಸೆಲ್ಸಿ ನಂತರ ಐಟಿಐಗಳಲ್ಲಿ ‘ರೆಫ್ರಿಜರೇಷನ್ ಅಂಡ್ ಏರ್ ಕಂಡಿಷನಿಂಗ್ ಟೆಕ್ನಿಷಿಯನ್’ ಎಂಬ ಎರಡು ವರ್ಷದ ಟ್ರೇಡ್ ಇದೆ. ಆಮೇಲೆ ಅಪ್ರೆಂಟಿಸ್ ಆಗಿ ಸೇರಿದರೆ ಸ್ಟೈಪೆಂಡ್ ಜೊತೆಗೆ ಅನುಭವ. ಡಿಪ್ಲೊಮಾ, ಬಿಇ ಮೆಕ್ಯಾನಿಕಲ್ ಮಾಡಿದವರಿಗೆ ಆಸ್ಪತ್ರೆ, ಮಾಲ್, ಔಷಧ ಕಾರ್ಖಾನೆ, ಡೇಟಾ ಸೆಂಟರ್‌ಗಳ ಚಿಲ್ಲರ್ ಪ್ಲಾಂಟ್‌ಗಳಲ್ಲಿ ಅವಕಾಶವಿದೆ. ವಿದ್ಯುತ್ ಉಳಿತಾಯದ ಕಡೆ ಆಸಕ್ತಿ ಇದ್ದರೆ, ತಕ್ಕ ವಿದ್ಯಾರ್ಹತೆ ಮತ್ತು ಅನುಭವದ ಮೇಲೆ ಬಿಇಇಯ ಎನರ್ಜಿ ಮ್ಯಾನೇಜರ್, ಎನರ್ಜಿ ಆಡಿಟರ್ ಪರೀಕ್ಷೆ ಬರೆಯಬಹುದು. ಬಿಕಾಂ, ಬಿಬಿಎ ಓದಿದವರಿಗೂ ಇಲ್ಲಿ ಜಾಗವಿದೆ. ಒಪ್ಪಂದ, ಬಿಲ್ಲು, ಬಿಡಿಭಾಗಗಳ ಲೆಕ್ಕ ನೋಡಿಕೊಳ್ಳುವ ಫೆಸಿಲಿಟಿ ಮ್ಯಾನೇಜ್‌ಮೆಂಟ್ ಕಂಪನಿಗಳಿಗೆ ಅಂಥವರು ಬೇಕು.

ಕಷ್ಟಗಳನ್ನು ಮುಚ್ಚಿಡಬಾರದು. ಏಪ್ರಿಲ್ ಬಿಸಿಲಲ್ಲಿ ತಾರಸಿಯ ಮೇಲೆ ನಿಲ್ಲಬೇಕು. ನಾಲ್ಕನೇ ಮಹಡಿಯ ಕಿಟಕಿಯಾಚೆ ಯೂನಿಟ್ ತೂಗುತ್ತಿರುತ್ತದೆ, ‘ಎರಡು ನಿಮಿಷದ ಕೆಲಸ, ಹಾಗೇ ಹತ್ತಪ್ಪ’ ಎನ್ನುವವರಿರುತ್ತಾರೆ. ಸೇಫ್ಟಿ ಬೆಲ್ಟ್ ಇಲ್ಲದೆ ಹತ್ತುವುದಿಲ್ಲ ಎಂದು ಹೇಳುವ ಧೈರ್ಯ ಮೊದಲ ದಿನದಿಂದಲೇ ಇರಬೇಕು. ಕೆಪಾಸಿಟರ್ ಮುಟ್ಟುವ ಮುನ್ನ ಲೈನ್ ಆಫ್ ಮಾಡಿ, ಡಿಸ್ಚಾರ್ಜ್ ಮಾಡುವುದು ಅಭ್ಯಾಸವಾಗಬೇಕು. ಕ್ಲಾಂಪ್ ಮೀಟರ್, ಗೇಜ್, ವ್ಯಾಕ್ಯೂಮ್ ಪಂಪ್ ಬಳಸಲು ಬರುವುದರ ಜೊತೆಗೆ, ಏನು ಮಾಡಿದೆ ಎಂದು ಗಿರಾಕಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳಲೂ ಬರೆದಿಡಲೂ ಬರಬೇಕು.

ಇದಕ್ಕೆ ಇವತ್ತೇ ಮಾಡಬಹುದಾದ ಒಂದು ಅಭ್ಯಾಸವಿದೆ. ನಿಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬ್, ಗ್ರಂಥಾಲಯ, ಕ್ಯಾಂಟೀನಿನಲ್ಲಿ ಎಷ್ಟು ಎಸಿ, ಫ್ರಿಜ್, ಗೀಸರ್ ಇವೆ ಎಂದು ಪ್ರಾಂಶುಪಾಲರ ಅನುಮತಿ ಪಡೆದು ಪಟ್ಟಿ ಮಾಡಿ. ಯಾವ ವರ್ಷದ್ದು, ಯಾವ ಗ್ಯಾಸ್, ಕೊನೆಯ ಸರ್ವಿಸ್ ಯಾವಾಗ ಎಂದು ಬರೆಯಿರಿ. ಅರ್ಧಕ್ಕೆ ಉತ್ತರವೇ ಸಿಗದಿರಬಹುದು. ಆ ಖಾಲಿ ಜಾಗಗಳೇ ನಿಮ್ಮ ಮೊದಲ ಪಾಠ. ಸಂದರ್ಶನದಲ್ಲಿ ಸರ್ಟಿಫಿಕೇಟಿನ ಜೊತೆ ಆ ಪಟ್ಟಿಯನ್ನೂ ತೋರಿಸಿ.

ಹತ್ತು ಅಂಗಡಿಗಳು ಕೆಟ್ಟಾಗ ಮಾತ್ರ ಕರೆದರೆ ಒಬ್ಬ ಟೆಕ್ನಿಷಿಯನ್‌ಗೆ ಮೂರು ತಿಂಗಳ ಅನ್ನ. ಅದೇ ಹತ್ತು ಅಂಗಡಿಗಳು ಸರದಿಯಂತೆ ವರ್ಷವಿಡೀ ಆರೈಕೆ ಮಾಡಿಸಿದರೆ ಅವನಿಗೆ ಹನ್ನೆರಡು ತಿಂಗಳೂ ಕೆಲಸ, ಅಂಗಡಿಗಳಿಗೆ ಏಪ್ರಿಲ್‌ನಲ್ಲೂ ನೆಮ್ಮದಿ. ಎಸಿ ಚೆನ್ನಾಗಿ ಓಡುತ್ತಿರುವಾಗ ಯಾರೂ ಅದರ ಕಡೆ ನೋಡುವುದಿಲ್ಲ, ಅದನ್ನು ಓಡಿಸುತ್ತಿರುವ ಹುಡುಗನನ್ನೂ ನೆನೆಯುವುದಿಲ್ಲ. ಪರವಾಗಿಲ್ಲ. ಫೋನ್ ಬಾರದ ದಿನವೇ ನಮ್ಮ ಕೆಲಸ ಚೆನ್ನಾಗಿ ಆಗಿದೆ ಎನ್ನಲು ಸಾಕ್ಷಿ.